ಒಂದೇ ಹಾಡಿನ ಹಲವು ರೂಪಗಳು: ಓಲ್ಡ್ ಸ್ಕೂಲ್ ಹಿಪ್-ಹಾಪ್ ಸಂಕಲನಗಳ ಹಿನ್ನೆಲೆ

ಹಳೆಯ ಹಿಪ್-ಹಾಪ್ ಕೇಳಲು ಹೊರಟವರ ಕೈಗೆ ಇಂದು ಮೊದಲು ಸಿಗುವುದು ಸಂಕಲನಗಳೇ. ಅವುಗಳಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಒಂದು ಕಡೆ ಹದಿನಾಲ್ಕು ನಿಮಿಷ ಮೀರಿದರೆ ಮತ್ತೊಂದು ಕಡೆ ಐದು ನಿಮಿಷದೊಳಗೆ ಮುಗಿದುಹೋಗುತ್ತದೆ. ಕೆಲವು ಹಾಡುಗಳು ಎಲ್ಲ ಸಂಕಲನಗಳಲ್ಲಿಯೂ ಇರುತ್ತವೆ. ಅಷ್ಟೇ ಮುಖ್ಯವಾದ ಇನ್ನು ಕೆಲವು ಎಲ್ಲಿಯೂ ಕಾಣುವುದಿಲ್ಲ. ಈ ಗೋಜಲಿಗೆ ಕಾರಣ ತಿಳಿಯಬೇಕಾದರೆ ಹಾಡುಗಳ ಜೊತೆಗೆ ಅವುಗಳ ಒಡೆತನದ ಚರಿತ್ರೆಯನ್ನೂ ನೋಡಬೇಕಾಗುತ್ತದೆ.

1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ 1520ನೇ ಸಂಖ್ಯೆಯ ವಸತಿ ಕಟ್ಟಡದಲ್ಲಿ, ಜಮೈಕಾ ಮೂಲದ ಡಿಜೆ ಕೂಲ್ ಹರ್ಕ್ ತನ್ನ ತಂಗಿ ಏರ್ಪಡಿಸಿದ್ದ ಕೂಟಕ್ಕೆ ಸಂಗೀತ ನುಡಿಸಿದ ಸಂಜೆಯನ್ನು ಈ ಸಂಗೀತದ ಹುಟ್ಟುದಿನವೆಂದು ಗುರುತಿಸುತ್ತಾರೆ. ಅಲ್ಲಿಂದ ಮುಂದಿನ ಆರು ವರ್ಷ ಹಿಪ್-ಹಾಪ್‌ಗೆ ತನ್ನದೇ ಆದ ಧ್ವನಿಮುದ್ರಿಕೆ ಇರಲಿಲ್ಲ. ಉದ್ಯಾನಗಳಲ್ಲಿ, ಕ್ಲಬ್ಬುಗಳಲ್ಲಿ ನಡೆದ ಕಾರ್ಯಕ್ರಮಗಳು ಕ್ಯಾಸೆಟ್ಟುಗಳಲ್ಲಿ ಮುದ್ರಣಗೊಂಡು ಕೈಯಿಂದ ಕೈಗೆ ದಾಟುತ್ತಿದ್ದವು. ಇಂದಿನ ಸಂಕಲನಗಳು ಬಹುತೇಕ 1979ರಿಂದ ಆರಂಭವಾಗುವುದರಿಂದ ಈ ಆರು ವರ್ಷಗಳು ಕೇಳುಗರಿಗೆ ಕಾಣದೇ ಉಳಿದಿವೆ, ಮತ್ತು ಇದು ಸಣ್ಣ ಕೊರತೆಯಲ್ಲ.

1979ರಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್‌ನಲ್ಲಿ ಸಿಲ್ವಿಯಾ ರಾಬಿನ್‌ಸನ್ ನಡೆಸುತ್ತಿದ್ದ ಶುಗರ್ ಹಿಲ್ ಸಂಸ್ಥೆ ‘ರ‍್ಯಾಪರ್ಸ್ ಡಿಲೈಟ್’ ಬಿಡುಗಡೆ ಮಾಡಿತು. ಷಿಕ್ ತಂಡದ ‘ಗುಡ್ ಟೈಮ್ಸ್’ ಹಾಡಿನ ಲಯವನ್ನು ಸ್ಟುಡಿಯೋದ ವಾದ್ಯಗಾರರು ಹೊಸದಾಗಿ ನುಡಿಸಿದ್ದರು. ಷಿಕ್‌ನ ಇಬ್ಬರು ರಚನಕಾರರ ಹೆಸರು ಬಳಿಕ ಹಾಡಿಗೆ ಸೇರಿತು. ಅದರಲ್ಲಿನ ಪ್ರಾಸಗಳಲ್ಲಿ ಒಂದು ಭಾಗ ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದದ್ದು, ಆದರೆ ಆತನ ಹೆಸರು ಸೇರಲಿಲ್ಲ. 1982ರ ‘ದ ಮೆಸೇಜ್’ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ಹೆಸರಿನಲ್ಲಿ ಹೊರಬಂದರೂ ಅದರಲ್ಲಿ ಕೇಳಿಸುವ ಮುಖ್ಯ ಧ್ವನಿಗಳು ಮೆಲಿ ಮೆಲ್ ಮತ್ತು ಡ್ಯೂಕ್ ಬೂಟಿ ಅವರವು. ಫ್ಲ್ಯಾಶ್ ಅದರ ಧ್ವನಿಮುದ್ರಣದಲ್ಲಿ ಪಾಲ್ಗೊಂಡಿರಲಿಲ್ಲ. ಸಂಕಲನದ ಹಿಂಬದಿಯಲ್ಲಿ ಅಚ್ಚಾಗುವ ಹೆಸರುಗಳನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಆ ಕಾಲದ ಹಾಡುಗಳು ಹನ್ನೆರಡು ಇಂಚಿನ ಸಿಂಗಲ್‌ಗಳಾಗಿ, ಅಂದರೆ ಒಂದೊಂದೇ ಹಾಡಿಗೆ ಮೀಸಲಾದ ಮುದ್ರಿಕೆಗಳಾಗಿ, ಶುಗರ್ ಹಿಲ್, ಎಂಜಾಯ್, ಟಾಮಿ ಬಾಯ್, ಪ್ರೊಫೈಲ್ ಮುಂತಾದ ಸ್ವತಂತ್ರ ಸಂಸ್ಥೆಗಳಿಂದ ಬರುತ್ತಿದ್ದವು. ಆಲ್ಬಂ ಎಂಬುದು ಇನ್ನೂ ಮುಖ್ಯವಾಗಿರಲಿಲ್ಲ. ಆದ್ದರಿಂದಲೇ ಈ ಸಂಗೀತಕ್ಕೆ ಸಂಕಲನವು ಮೊದಲಿನಿಂದಲೂ ಅನಿವಾರ್ಯವಾಯಿತು. ಬ್ರಿಟನ್ನಿನಲ್ಲಿ ಆಮದು ಸಿಂಗಲ್‌ಗಳು ದುಬಾರಿಯಾಗಿದ್ದಾಗ, ಮಾರ್ಗನ್ ಖಾನ್ ಅವರ ಸ್ಟ್ರೀಟ್ ಸೌಂಡ್ಸ್ ಸಂಸ್ಥೆ 1983ರಲ್ಲಿ ‘ಎಲೆಕ್ಟ್ರೋ’ ಸರಣಿಯನ್ನು ಆರಂಭಿಸಿ, ಹಲವು ಸಿಂಗಲ್‌ಗಳನ್ನು ಒಂದರೊಳಗೊಂದು ಬೆಸೆದು ಕೈಗೆಟುಕುವ ಬೆಲೆಗೆ ನೀಡಿತು. ಹಾಡುಗಳ ನಡುವೆ ಮೌನವಿಲ್ಲದ ಆ ಜೋಡಣೆಯು ಡಿಜೆ ಕೂಟದ ಅನುಭವಕ್ಕೆ ಹತ್ತಿರವಾಗಿತ್ತು. ನಂತರದ ಹೆಚ್ಚಿನ ಸಂಕಲನಗಳು ಆ ಗುಣವನ್ನು ಉಳಿಸಿಕೊಳ್ಳಲಿಲ್ಲ.

ಇದಕ್ಕಿಂತಲೂ ಆಳವಾದ ಪರಿಣಾಮ ಬೀರಿದ್ದು ‘ಅಲ್ಟಿಮೇಟ್ ಬ್ರೇಕ್ಸ್ ಆ್ಯಂಡ್ ಬೀಟ್ಸ್’. 1986ರಿಂದ 1991ರವರೆಗೆ ಇಪ್ಪತ್ತೈದು ಸಂಪುಟಗಳಲ್ಲಿ ಬಂದ ಈ ಸರಣಿಯಲ್ಲಿ ಇದ್ದದ್ದು ಹಿಪ್-ಹಾಪ್ ಹಾಡುಗಳಲ್ಲ, ಹಿಪ್-ಹಾಪ್ ಕಟ್ಟಲು ಬಳಕೆಯಾಗುತ್ತಿದ್ದ ಫಂಕ್, ಸೋಲ್, ರಾಕ್ ಹಾಡುಗಳು. ಉಳಿದ ವಾದ್ಯಗಳು ಸುಮ್ಮನಾಗಿ ಡ್ರಮ್ಮು ಮಾತ್ರ ನುಡಿಯುವ ಭಾಗವನ್ನು ಬ್ರೇಕ್ ಎನ್ನುತ್ತಾರೆ. ಹರ್ಕ್ ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನಿಟ್ಟು ಆ ಭಾಗವನ್ನೇ ಮರಳಿ ಮರಳಿ ನುಡಿಸುತ್ತಿದ್ದ. ಯಾವ ಹಾಡಿನಿಂದ ಬಂತೆಂದು ಪ್ರತಿಸ್ಪರ್ಧಿಗಳಿಗೆ ಗೊತ್ತಾಗಬಾರದೆಂದು ಮುದ್ರಿಕೆಗಳ ಚೀಟಿಯನ್ನು ನೀರಿನಲ್ಲಿ ನೆನೆಸಿ ಕೀಳುವ ರೂಢಿಯೂ ಡಿಜೆಗಳಲ್ಲಿತ್ತು. ಅಂಥ ಗುಟ್ಟುಗಳನ್ನು ಲೆನ್ನಿ ರಾಬರ್ಟ್ಸ್ ಮತ್ತು ‘ಬ್ರೇಕ್‌ಬೀಟ್ ಲೂ’ ಎಂದೇ ಹೆಸರಾದ ಲೂಯಿಸ್ ಫ್ಲೋರೆಸ್ ಹೆಸರು ಸಮೇತ ಅಂಗಡಿಯ ಕಪಾಟಿಗೆ ತಂದರು. ಕೆಲವು ಬ್ರೇಕ್‌ಗಳನ್ನು ಫ್ಲೋರೆಸ್ ಕತ್ತರಿಸಿ ಜೋಡಿಸಿ ಉದ್ದ ಮಾಡಿದ್ದರು. ಸರಿಯಾಗಿ ಅದೇ ಹೊತ್ತಿಗೆ, 1987ರಲ್ಲಿ, ಮುದ್ರಿಕೆಗಳ ಧ್ವನಿತುಣುಕುಗಳನ್ನು ಹಿಡಿದಿಟ್ಟು ಮರಳಿ ನುಡಿಸುವ, ಇ-ಮು ಸಂಸ್ಥೆಯ ಎಸ್‌ಪಿ-1200 ಯಂತ್ರ ಬಂದಿತು. ಅದರ ಸ್ಮೃತಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಹತ್ತು ಸೆಕೆಂಡಿನಷ್ಟು ಧ್ವನಿ ಮಾತ್ರ. ಆ ಮಿತಿಯನ್ನು ಮೀರಲು ನಿರ್ಮಾಪಕರು ನಿಮಿಷಕ್ಕೆ 33 ಸುತ್ತಿನ ವೇಗದ ಮುದ್ರಿಕೆಯನ್ನು 45ರಲ್ಲಿ ಓಡಿಸಿ ತುಂಬಿಸಿಕೊಂಡು, ಯಂತ್ರದೊಳಗೆ ಮತ್ತೆ ನಿಧಾನಗೊಳಿಸುತ್ತಿದ್ದರು. ಆಗ ಧ್ವನಿಗೆ ಒಂದು ಒರಟುತನ ಬರುತ್ತಿತ್ತು. ಎಂಬತ್ತರ ದಶಕದ ಕೊನೆಯ ಹಿಪ್-ಹಾಪ್‌ನ ವಿಶಿಷ್ಟ ನಾದಕ್ಕೆ ಈ ಸಂಪುಟಗಳು ಮತ್ತು ಈ ಯಂತ್ರ ಎರಡೂ ಕಾರಣ.

ಈ ಸರಣಿಯಲ್ಲಿ ಸೇರಿದ್ದ ವಿನ್‌ಸ್ಟನ್ಸ್ ತಂಡದ ‘ಆಮೆನ್, ಬ್ರದರ್’ 1969ರಲ್ಲಿ ಬಂದ ಒಂದು ಸಿಂಗಲ್‌ನ ಹಿಂಬದಿಯ ಹಾಡು. ಅದರಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ಸುಮಾರು ಏಳು ಸೆಕೆಂಡಿನ ಡ್ರಮ್ ಭಾಗ ಜಗತ್ತಿನಲ್ಲಿ ಅತಿ ಹೆಚ್ಚು ಮರುಬಳಕೆಯಾದ ಧ್ವನಿಗಳಲ್ಲಿ ಒಂದು. ಕೋಲ್ಮನ್ 2006ರಲ್ಲಿ ಮನೆಯಿಲ್ಲದ ಸ್ಥಿತಿಯಲ್ಲಿ ತೀರಿಕೊಂಡರು. ಆ ಬಳಕೆಗಳಿಂದ ಅವರಿಗೆ ಗೌರವಧನ ಬಂದಿರಲಿಲ್ಲ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ 2015ರಲ್ಲಿ ಬ್ರಿಟನ್ನಿನ ಸಂಗೀತಾಸಕ್ತರು ಸುಮಾರು 24,000 ಪೌಂಡ್ ಒಟ್ಟುಮಾಡಿ ಕೊಟ್ಟರು. ಬೇರೆಯವರ ದುಡಿಮೆಯನ್ನು ಬಳಸುವಾಗ ಅನುಮತಿ ಕೇಳಬೇಕು, ಹಣ ಕೊಡಬೇಕು ಎಂಬ ವಾದದಲ್ಲಿ ಎಷ್ಟು ನ್ಯಾಯವಿದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಆದರೆ ಆ ನ್ಯಾಯ ಕಾನೂನಿನ ರೂಪದಲ್ಲಿ ಬಂದಾಗ ಫಲ ಬೇರೆಯಾಯಿತು. ಗಾಯಕ ಗಿಲ್ಬರ್ಟ್ ಒ’ಸಲಿವನ್ ಅವರ ಹಾಡಿನ ತುಣುಕನ್ನು ಹಿಪ್-ಹಾಪ್ ಕಲಾವಿದ ಬಿಜ್ ಮಾರ್ಕಿ ಅನುಮತಿಯಿಲ್ಲದೆ ಬಳಸಿದ ಪ್ರಕರಣದಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ 1991ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಬಳಸಿದ ಪ್ರತಿ ತುಣುಕಿಗೂ ಮುಂಚಿತವಾಗಿ ಅನುಮತಿ ಪಡೆಯುವುದು ಅಂದಿನಿಂದ ಉದ್ಯಮದ ನಿಯಮವಾಯಿತು. ಹಾಡಿನ ಹಕ್ಕು, ಧ್ವನಿಮುದ್ರಣದ ಹಕ್ಕು ಎಂದು ಎರಡು ಕಡೆ ಕೇಳಬೇಕು. ಹಳೆಯ ಒಪ್ಪಂದದಲ್ಲಿ ಹೊಸ ಮಾಧ್ಯಮದ ಮಾತಿಲ್ಲದಿದ್ದರೆ ಮತ್ತೆ ಕೇಳಬೇಕು. ಹತ್ತಾರು ತುಣುಕುಗಳಿಂದ ಹೆಣೆದ ಹಾಡನ್ನು ಸಂಕಲನಕ್ಕೆ ಸೇರಿಸುವ ಗೋಜಿಗೆ ಪ್ರಕಾಶಕರು ಹೋಗದಿರುವುದು ಸಹಜ. ಡಿ ಲಾ ಸೋಲ್ ತಂಡದ 1989ರ ಮೊದಲ ಆಲ್ಬಂ ಸ್ಟ್ರೀಮಿಂಗ್ ಸೇವೆಗಳಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ. ತಂಡದ ಟ್ರುಗಾಯ್ ಅದಕ್ಕೆ ಕೆಲವೇ ವಾರಗಳ ಮೊದಲು ನಿಧನರಾಗಿದ್ದರು.

ಇದರ ಇನ್ನೊಂದು ಪರಿಣಾಮವೆಂದರೆ, ವಾದ್ಯಗಾರರು ಸ್ಟುಡಿಯೋದಲ್ಲಿ ನುಡಿಸಿದ 1979ರಿಂದ 1983ರ ಹಾಡುಗಳನ್ನು ಮರುಬಿಡುಗಡೆ ಮಾಡುವುದು ಹೋಲಿಕೆಯಲ್ಲಿ ಸುಲಭವಾಯಿತು. 1997ರಲ್ಲಿ ರೈನೋ ಸಂಸ್ಥೆ ಶುಗರ್ ಹಿಲ್‌ನ ಚರಿತ್ರೆಯನ್ನು ಐದು ಸಿಡಿಗಳಲ್ಲಿ ಹೊರತಂದಿತು. ಅದೇ ವರ್ಷ ಹಿಪ್-ಹಾಪ್ ಕಲಾವಿದ ಕರ್ಟಿಸ್ ಬ್ಲೋ ಹೆಸರಿನಲ್ಲಿ ಬಂದ ಮೂರು ಸಂಪುಟಗಳ ಸರಣಿಯು ಮೊದಲ ಸಂಪುಟವನ್ನು ಬ್ರೇಕ್‌ಗಳಿಗೇ ಮೀಸಲಿಟ್ಟಿತು. ಆ ಕ್ರಮ ಇತರರು ಅನುಸರಿಸಬೇಕಾದದ್ದು. ಅಗ್ಗದ ಸಂಕಲನಗಳು ಮಾತ್ರ ಮೂಲ ಮುದ್ರಣದ ಹಕ್ಕು ಕೊಳ್ಳುವ ಬದಲು ಅದೇ ಕಲಾವಿದರಿಂದ ಹೊಸದಾಗಿ ಹಾಡಿಸಿಕೊಂಡು, ಆ ಸಂಗತಿಯನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿದವು. 2021ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ 129 ಹಾಡುಗಳನ್ನು ಒಂಬತ್ತು ಸಿಡಿಗಳಲ್ಲಿ, ಮುನ್ನೂರು ಪುಟಗಳ ಪುಸ್ತಕದೊಂದಿಗೆ ಪ್ರಕಟಿಸಿತು. ಅದೂ ಆರಂಭವಾಗುವುದು 1979ರಿಂದಲೇ.

ಆದ್ದರಿಂದ ಸಂಕಲನವನ್ನು ಆರಿಸುವಾಗ ಹಾಡುಗಳ ಅವಧಿಯನ್ನು, ಧ್ವನಿಮುದ್ರಣದ ವರ್ಷವನ್ನು ಮೊದಲು ನೋಡಿಕೊಳ್ಳಬೇಕು. ಸಿಂಗಲ್‌ನ ಪೂರ್ಣ ರೂಪ ಸಿಕ್ಕರೆ ಅದನ್ನೇ ಕೇಳಬೇಕು, ಏಕೆಂದರೆ ಸಂಕ್ಷಿಪ್ತ ರೂಪದಲ್ಲಿ ಮೊದಲು ಕತ್ತರಿಗೆ ಸಿಗುವುದು ವಾದ್ಯಗಳಷ್ಟೇ ನುಡಿಯುವ ಭಾಗಗಳು ಮತ್ತು ಒಬ್ಬರ ನಂತರ ಒಬ್ಬರು ಸರದಿ ಪಡೆಯುವ ದೀರ್ಘ ಪದ್ಯಗಳು. 1979ಕ್ಕಿಂತ ಹಿಂದಿನದನ್ನು ಅರಸುವವರಿಗೆ ಉಳಿದಿರುವ ದಾರಿ ಕೂಟಗಳ ಕ್ಯಾಸೆಟ್ಟುಗಳದು. ಕಾರ್ನೆಲ್ ವಿಶ್ವವಿದ್ಯಾಲಯ 2007ರಿಂದ ಹಿಪ್-ಹಾಪ್‌ನ ಆರಂಭಕಾಲದ ಸಾಮಗ್ರಿಯನ್ನು ತನ್ನ ಸಂಗ್ರಹದಲ್ಲಿ ಕಾಪಾಡುತ್ತಿದೆ. ಆ ಕ್ಯಾಸೆಟ್ಟುಗಳಲ್ಲಿ ನುಡಿಯುತ್ತಿರುವುದೆಲ್ಲ ಇತರರ ಒಡೆತನದ ಹಾಡುಗಳಾದ್ದರಿಂದ, ಈಗಿನ ಹಕ್ಕುಗಳ ವ್ಯವಸ್ಥೆಯಲ್ಲಿ ಅವು ಸಂಕಲನವಾಗಿ ಮಾರುಕಟ್ಟೆಗೆ ಬರುವುದು ಬಹಳ ಕಷ್ಟ.