ತಪಾಸಣೆಯ ದಿನ ‘ಪರವಾಗಿಲ್ಲ’ ಅನ್ನಬೇಡಿ

ಖಿನ್ನತೆಗೆ ಅಂಗವೈಕಲ್ಯ ಪ್ರಮಾಣಪತ್ರ ಕೇಳಿಕೊಂಡು ಬರುವವರು ಆ ದಿನ ಚಂದವಾಗಿ ತಯಾರಾಗಿ ಬರುತ್ತಾರೆ. ಮನೆಯವರು ಒತ್ತಾಯ ಮಾಡಿ ತಲೆಗೆ ಸ್ನಾನ ಮಾಡಿಸಿರುತ್ತಾರೆ, ಇಸ್ತ್ರಿ ಹಾಕಿದ ಸೀರೆ ಉಡಿಸಿರುತ್ತಾರೆ. ವೈದ್ಯರು ಹೇಗಿದ್ದೀರಿ ಎಂದು ಕೇಳಿದರೆ ‘ಪರವಾಗಿಲ್ಲ ಡಾಕ್ಟ್ರೇ’. ಅಡುಗೆ ಮಾಡ್ತೀರಾ ಎಂದರೆ ‘ಮಾಡ್ತೇನೆ’. ಪಕ್ಕದಲ್ಲಿ ಕೂತ ಅತ್ತೆಯವರು ಸೊಸೆಯ ಮಾನ ಉಳಿಸಲೆಂದು ‘ಈಗ ತುಂಬ ಅಡ್ಡಿಲ್ಲ’ ಎಂದು ಸೇರಿಸುತ್ತಾರೆ. ಕೆಲವು ವಾರ ಕಳೆದು ವೈಕಲ್ಯ ಶೇ. 40ಕ್ಕಿಂತ ಕಡಿಮೆ, ಅಂದರೆ ಸವಲತ್ತಿಗೆ ಸಾಲದು ಎಂಬ ಕಾಗದ ಕೈಗೆ ಬರುತ್ತದೆ. ಆಗ ಅದೇ ಮನೆಯವರು, ‘ಡಿಪ್ರೆಶನ್ನಿಗೆ ಸರ್ಕಾರದಿಂದ ಎಂತ ಸಹ ಇಲ್ಲವಂತೆ ಮೇಡಂ’ ಎನ್ನುತ್ತಾರೆ.

ಇದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 21 ವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಒಂದು. ವಿಚಾರಶಕ್ತಿ, ಮನಸ್ಥಿತಿ, ಗ್ರಹಿಕೆ, ನೆನಪು ಇವುಗಳಲ್ಲಿ ಯಾವುದಾದರೂ ಗಣನೀಯವಾಗಿ ಕೆಟ್ಟು, ದಿನನಿತ್ಯದ ಬದುಕನ್ನು ನಿಭಾಯಿಸುವ ಸಾಮರ್ಥ್ಯ ತೀವ್ರವಾಗಿ ಕುಗ್ಗಿದ್ದರೆ ಅದು ಮಾನಸಿಕ ಕಾಯಿಲೆಯಿಂದಾದ ವೈಕಲ್ಯ. ಮನಸ್ಥಿತಿ ಕೆಡುವುದೇ ಖಿನ್ನತೆ, ಹಾಗಾಗಿ ಅದು ಈ ವ್ಯಾಖ್ಯೆಯೊಳಗೇ ಬರುತ್ತದೆ. ತೊಡಕಿರುವುದು ಅಳತೆಯಲ್ಲಿ. ಮನೆಯವರು ತಪ್ಪು ತಿಳಿಯುವುದೂ ಅಲ್ಲೇ.

ಅಳತೆಯಾಗುವುದು ಕಾಯಿಲೆಯ ಹೆಸರಲ್ಲ, ಮನಸ್ಸಿನೊಳಗಿನ ದುಃಖವೂ ಅಲ್ಲ. ಆ ದುಃಖದಿಂದಾಗಿ ಏನೇನು ಮಾಡಲಾಗುತ್ತಿಲ್ಲ ಎಂಬುದು. ಇದಕ್ಕೆ ಬಳಸುವ ಮಾಪನದ ಹೆಸರು ಐಡಿಯಾಸ್. ಭಾರತೀಯ ಮನೋವೈದ್ಯಕೀಯ ಸಂಘದವರು ರೂಪಿಸಿದ್ದು. ಅದು ನಾಲ್ಕು ವಿಷಯಗಳನ್ನು ನೋಡುತ್ತದೆ: ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಉದ್ಯೋಗಕ್ಕೆ ಹೋಗದವರಿಗೆ ಮನೆಗೆಲಸ, ವಿದ್ಯಾರ್ಥಿಗಳಿಗೆ ಓದು ಕೆಲಸದ ಜಾಗದಲ್ಲಿ ಬರುತ್ತದೆ. ಪ್ರತಿಯೊಂದಕ್ಕೂ ತೊಂದರೆ ಇಲ್ಲದಿದ್ದರೆ 0, ಪೂರ್ತಿ ಅಶಕ್ತರಾಗಿದ್ದರೆ 4, ನಡುವೆ 1, 2, 3. ಇದರ ಮೇಲೆ ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ 1ರಿಂದ 4ರವರೆಗೆ ಇನ್ನೊಂದು ಅಂಕ. ಒಟ್ಟು 20. ಅದರಲ್ಲಿ 7 ಸಿಕ್ಕಿದರೆ ಶೇ. 40 ದಾಟಿತು. ಮಾರ್ಗಸೂಚಿಯನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ, ಆದ್ದರಿಂದ ಹೋಗುವ ಮೊದಲು ಈಗಿನದನ್ನು ಕೇಳಿಕೊಳ್ಳಿ. ಕಾಯಿಲೆ ಎರಡು ವರ್ಷವಾದರೂ ಆಗಿರಬೇಕು ಎಂದು ಸಾಮಾನ್ಯವಾಗಿ ನೋಡುತ್ತಾರೆ.

ಬಂಟ್ವಾಳ ಕಡೆಯ, ಬೀಡಿ ಕಟ್ಟುವ ಒಬ್ಬ ಹೆಂಗಸು ಎಂದಿಟ್ಟುಕೊಳ್ಳಿ. ಕಾಯಿಲೆ ನಾಲ್ಕು ವರ್ಷದ್ದು, ಅದಕ್ಕೆ 2 ಅಂಕ. ನಾಲ್ಕೂ ಪ್ರಶ್ನೆಗೆ ‘ಪರವಾಗಿಲ್ಲ’ ಎಂದರೆ ಆರೈಕೆಗೆ 0, ಒಡನಾಟಕ್ಕೆ 1, ಮಾತಿಗೆ 0, ಕೆಲಸಕ್ಕೆ 1. ಒಟ್ಟು 4, ಅಲ್ಲಿಗೆ ಮುಗಿಯಿತು. ನಿಜ ಸಂಗತಿ ಬೇರೆಯೇ ಇರುತ್ತದೆ. ಎರಡು ಮೂರು ಸಲ ಹೇಳಿದ ಮೇಲೆ ಸ್ನಾನ: 1. ತವರಿನ ಕಡೆಯ ಮದುವೆಗೂ ಹೋಗಿಲ್ಲ, ಫೋನ್ ಎತ್ತುವುದಿಲ್ಲ, ನೆರೆಮನೆಯವರು ಬಂದರೆ ಒಳಕೋಣೆ ಸೇರುತ್ತಾಳೆ: 2. ಕೇಳಿದ್ದಕ್ಕೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಅರ್ಧಕ್ಕೆ ನಿಲ್ಲುತ್ತದೆ: 1. ಮೊದಲು ದಿನಕ್ಕೆ 800 ಬೀಡಿ ಕಟ್ಟುತ್ತಿದ್ದವಳು ಈಗ ನೂರು ಕಟ್ಟುವಷ್ಟರಲ್ಲಿ ಸೂಪು (ಬೀಡಿ ಕಟ್ಟುವ ಮೊರ) ಬದಿಗಿಟ್ಟು ಮಲಗುತ್ತಾಳೆ: 3. ಏಳಾಯಿತು. ಕಾಯಿಲೆಯ ಅವಧಿಯ ಎರಡು ಸೇರಿದರೆ 9. ಹೆಂಗಸು ಅವಳೇ, ಕಾಯಿಲೆ ಅದೇ. ಹೇಳಿದ್ದು ಮಾತ್ರ ಬೇರೆ.

ಈ ಅಂಕಗಳು ತಿಳಿಸಿಕೊಡಲಿಕ್ಕೆ ಹಾಕಿದ ಲೆಕ್ಕ. ಅಂಕ ಕೊಡುವವರು ತಪಾಸಣೆ ಮಾಡಿದ ಮನೋವೈದ್ಯರು. ಇಲ್ಲದ್ದನ್ನು ಹೇಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಸುಳ್ಳು ಅಲ್ಲಿ ನಿಲ್ಲುವುದೂ ಇಲ್ಲ. ಇದ್ದದ್ದನ್ನು ಮುಚ್ಚಬೇಡಿ ಎಂದಷ್ಟೇ ನನ್ನ ಕೋರಿಕೆ.

ಮುಚ್ಚುವ ಕೆಲಸ ತಪಾಸಣೆಗೆ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಪುಸ್ತಕ ತೆಗೆದು ನೋಡಿದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಏಕೆಂದರೆ ಮಗಳು ಕಾಲೇಜಿನಿಂದ ಬಂದು ಅಮ್ಮನ ಪಾಲಿನ ಎಲೆ ಕತ್ತರಿಸಿ, ರಾತ್ರಿ ಹನ್ನೊಂದರವರೆಗೆ ಕಟ್ಟುತ್ತಾಳೆ. ಅಂಗಡಿ ಇಟ್ಟವನ ತಮ್ಮ ಬೆಳಗ್ಗೆ ಶಟರ್ ತೆಗೆಯುತ್ತಾನೆ, ‘ಅಣ್ಣ ಮಾಲು ತರಲಿಕ್ಕೆ ಬಂದರಿಗೆ ಹೋಗಿದ್ದಾರೆ’ ಎಂದು ಗಿರಾಕಿಗಳಿಗೆ ಹೇಳುತ್ತಾನೆ. ಇದು ಪ್ರೀತಿ, ಅದರಲ್ಲಿ ಸಂಶಯವಿಲ್ಲ. ನಮ್ಮ ಜಿಲ್ಲೆಯ ಮನೆಗಳು ಕಾಯಿಲೆಯವರನ್ನು ಹೀಗೆ ಹೊತ್ತು ನಡೆಯುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ಆ ಕೆಲಸ ಯಾರು ಮಾಡಿದ್ದು ಎಂದು ಎಲ್ಲೂ ಬರೆದಿಡದೆ ಹೋದರೆ, ಕಾಗದದ ಮೇಲೆ ಅದನ್ನು ಮಾಡಿದ್ದು ಕಾಯಿಲೆಯವರೇ ಎಂದಾಗುತ್ತದೆ.

ಅದಕ್ಕಾಗಿ ಒಂದು ನೂರು ಪುಟದ ಪುಸ್ತಕ ಸಾಕು. ಬರೆಯುವವರು ಮನೆಯವರು. ಕಾಯಿಲೆಯವರಿಂದ ಬರೆಸಬೇಡಿ, ಅವರಿಗೆ ಪೆನ್ನು ಹಿಡಿಯುವುದೂ ಒಂದು ಹೊರೆ. ದಿನಾ ಬರೆಯುವುದು ಯಾರಿಂದಲೂ ಆಗುವುದಿಲ್ಲ, ವಾರಕ್ಕೆರಡು ದಿನ ಬರೆದರೆ ಆಯಿತು. ‘ಬೇಜಾರಲ್ಲಿದ್ದಾಳೆ’ ಎಂದು ಬರೆದರೆ ಉಪಯೋಗವಿಲ್ಲ. ಹೀಗೆ ಬರೆಯಿರಿ: ‘ಜೂನ್ 9. ಎದ್ದದ್ದು 11ಕ್ಕೆ. ಹಲ್ಲು ಉಜ್ಜಿದ್ದು ಮಧ್ಯಾಹ್ನ, ಎರಡು ಸಲ ಹೇಳಿದ ಮೇಲೆ. ಸ್ನಾನ ಇಲ್ಲ, ಇಂದಿಗೆ ಮೂರು ದಿನ. ಗಂಜಿ ಅರ್ಧ ಬಟ್ಟಲು. ಬೀಡಿ 120, ಉಳಿದದ್ದು ಮಗಳು ಕಟ್ಟಿದ್ದು. ಅಣ್ಣನ ಫೋನ್ ಬಂತು, ತೆಗೆಯಲಿಲ್ಲ.’ ಚೆನ್ನಾಗಿದ್ದ ದಿನವನ್ನೂ ಬರೆಯಿರಿ. ಖಿನ್ನತೆಯಲ್ಲಿ ಒಳ್ಳೆಯ ದಿನ ಇದ್ದೇ ಇರುತ್ತದೆ, ಅದನ್ನು ಬಿಟ್ಟರೆ ಉಳಿದದ್ದರ ಮೇಲೂ ನಂಬಿಕೆ ಹೋಗುತ್ತದೆ. ಪ್ರತಿ ಭೇಟಿಯಲ್ಲೂ ಈ ಪುಸ್ತಕ ವೈದ್ಯರಿಗೆ ತೋರಿಸಿ, ಮುಖ್ಯವಾದದ್ದನ್ನು ಕೇಸ್ ಶೀಟಿನಲ್ಲಿ ಬರೆಯಲು ವಿನಂತಿಸಿ. ಓಪಿಡಿಯ ನೂಕುನುಗ್ಗಲಿನಲ್ಲಿ ನೀವು ಬಾಯಿ ಬಿಡದಿದ್ದರೆ ‘ಸ್ಟೇಬಲ್, ಸಿಎಸ್‌ಟಿ’ ಎಂದಷ್ಟೇ ಬೀಳುತ್ತದೆ, ಅಂದರೆ ಅದೇ ಮದ್ದು ಮುಂದುವರಿಸುವುದು. ಎರಡು ವರ್ಷ ಪೂರ್ತಿ ‘ಸ್ಟೇಬಲ್’ ಎಂದಿರುವ ಫೈಲ್ ಹಿಡಿದು ಕೆಲಸ ಮಾಡಲಾಗುವುದಿಲ್ಲ ಎಂದರೆ ಪ್ರಮಾಣಪತ್ರ ಕೊಡುವ ವೈದ್ಯಕೀಯ ಬೋರ್ಡಿನವರು ಯಾವುದನ್ನು ನಂಬಬೇಕು?

ಫೈಲಿನದ್ದೇ ಇನ್ನೊಂದು ಕಿರಿಕಿರಿ. ಆರು ತಿಂಗಳು ಮಣಿಪಾಲ, ಆಮೇಲೆ ಮಂಗಳೂರು, ನಡುವೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಮದ್ದು ನಿಲ್ಲಿಸಿದ ನಾಲ್ಕು ತಿಂಗಳು. ದೈವದ ಮೇಲೆ, ನಾಗನ ಮೇಲೆ ಇರುವ ನಂಬಿಕೆಗೆ ನನ್ನ ಆಕ್ಷೇಪವಿಲ್ಲ. ಹರಕೆ ತೀರಿಸಿ, ಮದ್ದನ್ನೂ ನುಂಗಿ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಆರರಿಂದ ಎಂಟು ವಾರ. ಇಪ್ಪತ್ತನೇ ದಿನಕ್ಕೆ ಬಿಟ್ಟರೆ ಆ ಮದ್ದು ಹಿಡಿಯಲಿಲ್ಲವೋ, ಹಿಡಿಯುವಷ್ಟು ಸಮಯ ಸಿಗಲಿಲ್ಲವೋ ಯಾರಿಗೂ ತಿಳಿಯುವುದಿಲ್ಲ. ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟ ಎರಡು ಬೇರೆ ಬೇರೆ ಮದ್ದಿಗೂ ಜಗ್ಗದ ಖಿನ್ನತೆ ಎಂದು ಕೇಸ್ ಶೀಟಿನಲ್ಲಿದ್ದರೆ ಅದಕ್ಕೆ ತೂಕ ಬರುತ್ತದೆ. ಆಸ್ಪತ್ರೆ ಬದಲಿಸುವುದಾದರೆ ಡಿಸ್ಚಾರ್ಜ್ ಸಮ್ಮರಿ, ಹಳೆಯ ಚೀಟಿಗಳು ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಒಂದೇ ಫೈಲಿಗೆ ಹಾಕಿ. ದೂರ ಹೋಗಲಾಗದವರು ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಹೋಗಬಹುದು, ಅಲ್ಲಿನ ದಾಖಲೆಯೂ ದಾಖಲೆಯೇ. ಸಾಯುವ ಮಾತು ಬಂದರೆ ಮಂಗಳವಾರ ಕಾಯಬೇಡಿ. 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಜತೆಗೆ ಆ ಮನುಷ್ಯನನ್ನು ಒಬ್ಬಂಟಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಯುಡಿಐಡಿ, ಅಂದರೆ ವಿಕಲಚೇತನರ ಗುರುತುಚೀಟಿಯ ಸರ್ಕಾರಿ ಜಾಲತಾಣದಲ್ಲಿ. ಆಧಾರ್, ಫೋಟೋ, ಚಿಕಿತ್ಸೆಯ ಕಾಗದಗಳು ಬೇಕು. ತಪಾಸಣೆ ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಮನೋವೈದ್ಯರು ಯಾವ ದಿನ ನೋಡುತ್ತಾರೆ ಎಂದು ಮೊದಲೇ ವಿಚಾರಿಸಿ. ಅರ್ಜಿ ತುಂಬಲು ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಖಿನ್ನತೆಗೆ ಹೆಚ್ಚಾಗಿ ಸಿಗುವುದು ತಾತ್ಕಾಲಿಕ ಪ್ರಮಾಣಪತ್ರ, ಅವಧಿ ಮುಗಿದ ಮೇಲೆ ಮರುತಪಾಸಣೆ. ಅದು ಅವಮಾನವಲ್ಲ, ಗುಣವಾಗುವ ಕಾಯಿಲೆ ಎಂಬುದಕ್ಕಾಗಿ ಹಾಗೆ.

‘ಸರ್ಟಿಫಿಕೇಟ್ ಮಾಡಿಸಿದರೆ ಹುಚ್ಚ ಅಂತ ಆಗ್ತದೆ, ನಾಳೆ ಪಾಲುಪಟ್ಟಿಯಲ್ಲಿ ಸಹಿ ನಡೆಯುವುದಿಲ್ಲ’ ಎಂಬ ಹೆದರಿಕೆ ನಮ್ಮಲ್ಲಿ ಬಹಳ. ಇದು ತಪ್ಪು. 2016ರ ಕಾಯ್ದೆಯ 13ನೇ ಸೆಕ್ಷನ್ ಆಸ್ತಿ ಹೊಂದುವ, ಹಣದ ವ್ಯವಹಾರ ಮಾಡುವ ಹಕ್ಕನ್ನು ಎತ್ತಿ ಹಿಡಿಯುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿಲ್ಲದವರು ಎನ್ನುವಂತಿಲ್ಲ. ಅದನ್ನು ಹೇಳಬೇಕಾದದ್ದು ನ್ಯಾಯಾಲಯ.

ಉದ್ಯೋಗದಲ್ಲಿರುವವರಿಗೆ ಮತ್ತೊಂದು ಮಾತು, ಮುಖ್ಯವಾಗಿ ಬ್ಯಾಂಕಿನವರಿಗೆ. ಶೇ. 40 ಎಂಬುದು ಮೀಸಲಾತಿಯಂಥ ಸವಲತ್ತಿನ ಗೆರೆ. ಅದರ ಕೆಳಗಿದ್ದವರೂ ದೀರ್ಘಕಾಲದ ತೊಂದರೆಯುಳ್ಳವರಾದರೆ 2016ರ ಕಾಯ್ದೆಯ ರಕ್ಷಣೆಯೊಳಗೇ ಇರುತ್ತಾರೆ. ಕೈಸೆಳೆತದಿಂದ ಬರೆಯಲಾಗದ ಅಭ್ಯರ್ಥಿಯೊಬ್ಬರಿಗೆ ಶೇ. 40 ಇಲ್ಲದಿದ್ದರೂ ಪರೀಕ್ಷೆಯಲ್ಲಿ ಬರಹಗಾರರ ನೆರವು ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಅದೇ ವರ್ಷದ ಡಿಸೆಂಬರಿನಲ್ಲಿ, ಒಸಿಡಿ (ಗೀಳು ಕಾಯಿಲೆ) ಮತ್ತು ಖಿನ್ನತೆ ಇದ್ದ ಸಿಆರ್‌ಪಿಎಫ್ ಅಧಿಕಾರಿಯ ವಿರುದ್ಧದ ಶಿಸ್ತುಕ್ರಮವನ್ನು ತಾರತಮ್ಯ ಎಂದು ಪರಿಗಣಿಸಿ ರದ್ದುಮಾಡಿದೆ. ಆದರೆ ಕೇಳುವವರು ನಿರ್ದಿಷ್ಟವಾಗಿ ಕೇಳಬೇಕು. ‘ಸರ್, ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದರೆ ಮ್ಯಾನೇಜರಿಗೆ ಏನು ಮಾಡಬೇಕೆಂದೇ ಗೊತ್ತಾಗುವುದಿಲ್ಲ, ‘ಅವನಿಗೆ ಉದಾಸೀನ’ ಎಂದು ತೀರ್ಮಾನಿಸುತ್ತಾರೆ. ಖಿನ್ನತೆ ಹಲವರಲ್ಲಿ ಬೆಳಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ರಾತ್ರಿಯ ಮಾತ್ರೆಯ ಮಂಪರೂ ಬೆಳಗ್ಗೆಯೇ ಇರುತ್ತದೆ. ಆದ್ದರಿಂದ ಲಿಖಿತವಾಗಿ, ಮೂರು ತಿಂಗಳ ಮಟ್ಟಿಗೆ, ಹತ್ತು ಗಂಟೆಯ ಬದಲು ಹನ್ನೊಂದಕ್ಕೆ ಹಾಜರಿ, ಕ್ಯಾಶ್ ಕೌಂಟರಿನಿಂದ ಒಳಗಿನ ಮೇಜಿಗೆ, ತಿಂಗಳಿಗೆ ಒಂದು ದಿನ ಆಸ್ಪತ್ರೆಗೆ ರಜೆ ಎಂದು ಕೇಳಿ, ವೈದ್ಯರ ಪತ್ರ ಲಗತ್ತಿಸಿ. ಪತ್ರದಲ್ಲಿ ಮನೆಯ ಗುಟ್ಟೆಲ್ಲ ಬೇಡ, ಯಾವ ಕೆಲಸಕ್ಕೆ ಏನು ತೊಡಕು ಎಂದಿದ್ದರೆ ಸಾಕು. ಸರ್ಕಾರಿ ಸಂಸ್ಥೆಯಾದರೆ ಸೇವೆಯಲ್ಲಿದ್ದಾಗ ಬಂದ ವೈಕಲ್ಯಕ್ಕಾಗಿ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ: 2016ರ ಕಾಯ್ದೆಯ 20ನೇ ಸೆಕ್ಷನ್. ಮೇಲಿನವರ ಒತ್ತಾಯಕ್ಕೆ ರಾಜೀನಾಮೆ ಬರೆದುಕೊಟ್ಟು ಬಂದವರಿಗೆ ಆಮೇಲೆ ಸಹಾಯ ಮಾಡುವುದು ಬಹಳ ಕಷ್ಟ. ಕಾಯಿಲೆ ಜೋರಿದ್ದಾಗ ಅಂಥ ಯಾವ ಕಾಗದಕ್ಕೂ ಸಹಿ ಹಾಕದೆ ರಜೆ ಹಾಕಿ.

ಖಿನ್ನತೆ ಇರುವ ಎಲ್ಲರಿಗೂ ಈ ಪ್ರಮಾಣಪತ್ರ ಬೇಕಿಲ್ಲ. ಹೆಚ್ಚಿನವರು ಚಿಕಿತ್ಸೆಯಿಂದ ಸುಧಾರಿಸಿ ಮೊದಲಿನಂತೆ ಓಡಾಡಿಕೊಂಡಿರುತ್ತಾರೆ. ವರ್ಷಗಟ್ಟಲೆ ಬಿಡದೆ ಕಾಡುವವರಿಗೆ, ಮತ್ತೆ ಮತ್ತೆ ಮರುಕಳಿಸುವವರಿಗೆ ಮಾತ್ರ ನಾನು ಹೇಳುತ್ತಿರುವುದು. ಅವರ ಅರ್ಜಿಗೆ ಶೇ. 40ಕ್ಕಿಂತ ಕಡಿಮೆ ಬಂದರೆ, ಯಾವ ವಿಷಯಕ್ಕೆ ಎಷ್ಟು ಅಂಕ ಎಂದು ಕೇಳಿ ಬರೆದುಕೊಳ್ಳಿ. ನಿರ್ಣಯ ಸರಿಯಿಲ್ಲ ಎನಿಸಿದರೆ ಅದೇ 2016ರ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು. ಆಗ ನೂರು ಪುಟದ ಆ ಪುಸ್ತಕದ ಜೆರಾಕ್ಸ್ ಲಗತ್ತಿಸಿ, ಮನೆಯಲ್ಲಿ ದಿನವಿಡೀ ಜತೆಗಿರುವವರನ್ನೇ ಕರೆದುಕೊಂಡು ಹೋಗಿ. ಗಲ್ಫಿನಿಂದ ಹದಿನೈದು ದಿನ ರಜೆಗೆ ಬಂದ ತಮ್ಮನಿಗೆ ಅಕ್ಕನ ಹಗಲು ಹೇಗೆ ಕಳೆಯುತ್ತದೆ ಎಂದು ಗೊತ್ತಿರುವುದಿಲ್ಲ. ಕಾರು ಓಡಿಸಲು ಅವನು ಬರಲಿ, ವೈದ್ಯರ ಕೋಣೆಯೊಳಗೆ ಮಗಳು ಹೋಗಲಿ.