ನವೆಂಬರ್ 1ರ ‘ದಿನ ವಿಶೇಷ’: ಎರಡು ಪುಸ್ತಕದಲ್ಲಿ ಎರಡು ತಾರೀಕು ಇದ್ದರೆ ಯಾವುದನ್ನು ಬರೆಯುವುದು?

ಪ್ರಶ್ನೆ: ನಮ್ಮದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆ. ಬೆಳಗಿನ ಅಸೆಂಬ್ಲಿಯಲ್ಲಿ ಮಕ್ಕಳಿಂದ ‘ದಿನ ವಿಶೇಷ’ ಓದಿಸಿ, ಅದನ್ನೇ ಬೋರ್ಡಿನಲ್ಲಿ ಬರೆಸುತ್ತೇವೆ. ನವೆಂಬರ್ 1ಕ್ಕೆ ಹುಡುಕಿದರೆ ಒಂದು ಕಡೆ ಇಪ್ಪತ್ತು ಘಟನೆ ಸಿಗುತ್ತದೆ, ಇನ್ನೊಂದು ಕಡೆ ಅವುಗಳಲ್ಲೇ ಕೆಲವಕ್ಕೆ ಬೇರೆ ತಾರೀಕು ಉಂಟು. ಇಷ್ಟೆಲ್ಲ ಒಂದೇ ದಿನ ಆದದ್ದು ಹೌದೇ? ತಪ್ಪು ಸರಿ ನೋಡುವುದು ಹೇಗೆ?

ಉತ್ತರ: ದೂರದ ಭೂಕಂಪ, ಬಾಂಬುಗಳಿಗೆ ಹೋಗುವ ಮೊದಲು ನಮ್ಮ ಅಂಗಳದ್ದನ್ನೇ ನೋಡುವ. ಬೋರ್ಡಿನಲ್ಲಿ ಸಾಮಾನ್ಯವಾಗಿ ಬೀಳುವ ಸಾಲು ಇದು: ‘1956: ಕರ್ನಾಟಕ ರಾಜ್ಯ ಉದಯ; ಕಾಸರಗೋಡು ಜಿಲ್ಲೆ ಕೇರಳಕ್ಕೆ.’ ತಾರೀಕು ಸರಿ, ಹೆಸರುಗಳು ಎರಡೂ ತಪ್ಪು. ಅಂದು ಹುಟ್ಟಿದ್ದು ವಿಶಾಲ ಮೈಸೂರು ರಾಜ್ಯ. ಅದಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಕಾಸರಗೋಡು ಆಗ ಜಿಲ್ಲೆಯೇ ಅಲ್ಲ, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲೆ ಆದದ್ದು 1984ರ ಮೇ 24ಕ್ಕೆ.

ಇದರಲ್ಲೇ ಇನ್ನೊಂದು ಸಂಗತಿ ಉಂಟು, ಅದನ್ನು ಯಾಕೋ ಯಾರೂ ಬರೆಯುವುದಿಲ್ಲ. ಆ ದಿನ ದಕ್ಷಿಣ ಕನ್ನಡ ಜಿಲ್ಲೆ ಎರಡಲ್ಲ, ಮೂರು ಪಾಲಾಯಿತು. ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅಮಿನಿದಿವಿ ದ್ವೀಪಗಳೂ ಅಲ್ಲಿಯವರೆಗೆ ಇದೇ ಜಿಲ್ಲೆಯವು. ಅವು ಇಂದು ಲಕ್ಷದ್ವೀಪ ಎನ್ನುವ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಉಳಿದದ್ದು ಮೈಸೂರಿಗೆ. ಕಾಸರಗೋಡಿನ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಾಲು ಬೇಡ.

ಇಷ್ಟೊಂದು ಘಟನೆ ಒಂದೇ ದಿನಕ್ಕೆ ಹೇಗೆ ಬಂತು? ವರ್ಷಕ್ಕೆ ಇರುವುದೇ 366 ತಾರೀಕು, ಚರಿತ್ರೆಗೆ ಸಾವಿರಾರು ವರ್ಷ. ಯಾವ ದಿನವನ್ನು ಎತ್ತಿಕೊಂಡರೂ ಹತ್ತಿಪ್ಪತ್ತು ಸಿಕ್ಕೇ ಸಿಗುತ್ತದೆ. ಆದರೆ ನವೆಂಬರ್ 1ರ ಪಟ್ಟಿ ಬರೀ ಕಾಕತಾಳೀಯ ಅಲ್ಲ. ಕಾರಣ ಎರಡು. ಒಂದು, ಅದು ತಿಂಗಳ ಮೊದಲ ದಿನ. ಸಂಬಳ, ಲೆಕ್ಕ, ಕಡತ ಎಲ್ಲ ತಿಂಗಳಿಗೆ ಹೊಂದಿಕೊಂಡಿರುವುದರಿಂದ ಸರಕಾರಗಳು ಕಾಯ್ದೆ ಜಾರಿಗೆ ಒಂದನೇ ತಾರೀಕನ್ನೇ ಹಿಡಿಯುತ್ತವೆ. 1956ರಲ್ಲಿ ಕೇರಳ, ಮೈಸೂರು, ಆಂಧ್ರಪ್ರದೇಶ, ಮಧ್ಯಪ್ರದೇಶ ಒಟ್ಟಿಗೆ ಬಂದದ್ದು ನಾಲ್ಕು ಘಟನೆ ಅಲ್ಲ, ಒಂದೇ ಕಾಯ್ದೆ. 1966ರ ಹರಿಯಾಣ, 2000ದ ಛತ್ತೀಸಗಢ, 1993ರ ಯುರೋಪಿಯನ್ ಯೂನಿಯನ್ ಎಲ್ಲ ಇದೇ ಜಾತಿಯವು. (ಛತ್ತೀಸಗಢದ ಜೊತೆ ಉತ್ತರಾಖಂಡ, ಝಾರ್ಖಂಡಗಳನ್ನೂ ಸೇರಿಸಿ ಬರೆಯುವವರಿದ್ದಾರೆ. ಅವು ಅದೇ ತಿಂಗಳ 9 ಮತ್ತು 15ರಂದು ಬಂದವು.)

ಎರಡನೆಯದು, ಕೆಥೋಲಿಕರಿಗೆ ಅದು ಸಕಲ ಸಂತರ ಹಬ್ಬ. 1512ರಲ್ಲಿ ಮೈಕೆಲೆಂಜೆಲೊ ಚಿತ್ರಿಸಿದ ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲಿನ ಒಳಮಾಡನ್ನು ಜನರಿಗೆ ತೋರಿಸಿದ್ದು ಈ ಹಬ್ಬಕ್ಕೆ. 1755ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರ ಬೆಳಿಗ್ಗೆ ಸುಮಾರು ಒಂಬತ್ತೂ ಮುಕ್ಕಾಲರ ಹೊತ್ತಿಗೆ ನಡುಗಿದಾಗ ಜನ ಇಗರ್ಜಿಗಳಲ್ಲಿ ತುಂಬಿದ್ದರು, ಎಲ್ಲೆಡೆ ಮೇಣದ ಬತ್ತಿ ಉರಿಯುತ್ತಿತ್ತು. ಕಂಪನ ಮುಗಿದು ಮುಕ್ಕಾಲು ಗಂಟೆಯೊಳಗೆ ಸಮುದ್ರ ನುಗ್ಗಿತು, ಬೆಂಕಿ ದಿನಗಟ್ಟಲೆ ಉರಿಯಿತು. ಹಬ್ಬ ಅಲ್ಲದಿದ್ದರೆ ಭೂಕಂಪ ಆಗುತ್ತಿತ್ತು, ಆ ಬೆಂಕಿ ಬಹುಶಃ ಅಷ್ಟು ದೊಡ್ಡದಾಗುತ್ತಿರಲಿಲ್ಲ. 1954ರಲ್ಲಿ ಅಲ್ಜೀರಿಯದ ಸ್ವಾತಂತ್ರ್ಯ ಹೋರಾಟಗಾರರು ಮೊದಲ ದಾಳಿಗೆ ಇದೇ ದಿನ ಆರಿಸಿದ್ದೂ ಫ್ರೆಂಚರಿಗೆ ರಜೆ ಎಂದೇ. ಮಕ್ಕಳು ‘ಯಾಕೆ’ ಎಂದು ಕೇಳಿದರೆ ಇದನ್ನು ಹೇಳಿ.

ಇನ್ನು ತಾರೀಕು ಎರಡಾಗುವ ವಿಚಾರ. ಹೆಚ್ಚಿನ ಗೊಂದಲ ಪ್ರೆಸ್ಸಿನ ತಪ್ಪಿನಿಂದ ಅಲ್ಲ, ಎರಡೂ ತಾರೀಕು ಸರಿಯೇ ಇರುತ್ತವೆ, ಕೆಲಸ ಮಾತ್ರ ಬೇರೆ. ಪುದುಚೇರಿಯ ಆಡಳಿತ ಭಾರತದ ಕೈಗೆ ಬಂದದ್ದು 1954ರ ನವೆಂಬರ್ 1. ಕಾನೂನು ಪ್ರಕಾರ ಹಸ್ತಾಂತರ ಮುಗಿದದ್ದು 1962ರ ಆಗಸ್ಟ್ 16. ರಾಜ್ಯ ಪುನರ್ವಿಂಗಡಣೆ ಕಾಯ್ದೆ 1956ರ ಆಗಸ್ಟ್ 31ರದ್ದು, ಜಾರಿ ನವೆಂಬರ್ 1. ತಮಿಳುನಾಡು ದಿನವನ್ನಂತೂ ಅಲ್ಲಿನ ಸರಕಾರವೇ 2021ರಲ್ಲಿ ಜುಲೈ 18ಕ್ಕೆ ಒಯ್ದಿತು, 1967ರಲ್ಲಿ ಹೆಸರು ಬದಲಿಸುವ ನಿರ್ಣಯ ಆದ ದಿನ ಅದು. ಹಾಗಾಗಿ ಹಳೆ ಪುಸ್ತಕದಲ್ಲಿ ಒಂದು, ಹೊಸದರಲ್ಲಿ ಇನ್ನೊಂದು. ಪರಿಹಾರ ಸುಲಭ: ಸಾಲಿನಲ್ಲಿ ಕ್ರಿಯಾಪದ ಬಿಡಬೇಡಿ. ‘ಪುದುಚೇರಿ ವಿಲೀನ’ ಎಂದರೆ ಜಗಳ, ‘ಆಡಳಿತ ಭಾರತಕ್ಕೆ ಬಂತು’ ಎಂದರೆ ಜಗಳವಿಲ್ಲ.

ಕೆಲವು ಕಡೆ ಗಡಿಯಾರ ಕೈಕೊಡುತ್ತದೆ. ಅಮೆರಿಕದ ಮೊದಲ ಜಲಜನಕ ಬಾಂಬ್ ಪರೀಕ್ಷೆ ಪೆಸಿಫಿಕ್‌ನ ಎನಿವೆಟೋಕ್ ಹವಳದ್ವೀಪದಲ್ಲಿ 1952ರ ನವೆಂಬರ್ 1ರ ಬೆಳಿಗ್ಗೆ 7.15ಕ್ಕೆ ನಡೆಯಿತು; ಆ ಹೊತ್ತಿಗೆ ಗ್ರೀನಿಚ್‌ನಲ್ಲಿ ಅಕ್ಟೋಬರ್ 31ರ ಸಂಜೆ 7.15. ಸ್ಫೋಟದ ಬಲ 10.4 ಮೆಗಾಟನ್, ಎಲುಗೆಲಾಬ್ ಎಂಬ ದ್ವೀಪವೇ ಅಳಿಸಿಹೋಯಿತು. ನಡೆದ ಜಾಗದ ಗಡಿಯಾರವನ್ನು ಹಿಡಿಯುವುದು ವಾಡಿಕೆ, ಅದನ್ನೇ ಹಿಡಿಯಿರಿ.

ಪಂಚಾಂಗದ ತೊಡಕು ಇದಕ್ಕಿಂತ ದೊಡ್ಡದು. ಕೆಥೋಲಿಕ್ ದೇಶಗಳು 1582ರಲ್ಲಿ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಹಾರಿದವು: ಅಕ್ಟೋಬರ್ 4ರ ಮರುದಿನವೇ 15. ಬ್ರಿಟನ್ 1752ರಲ್ಲಿ, ರಷ್ಯಾ 1918ರಲ್ಲಿ. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ಯನ್ನು ನವೆಂಬರ್ 7ಕ್ಕೆ ಆಚರಿಸುವುದು ಇದರಿಂದಲೇ. ಏಪ್ರಿಲ್ 23ಕ್ಕೆ ಪುಸ್ತಕ ದಿನ ಬಂದಾಗ ‘ಶೇಕ್ಸ್‌ಪಿಯರ್, ಸರ್ವಾಂಟಿಸ್ ಒಂದೇ ದಿನ ತೀರಿಕೊಂಡರು’ ಎಂದು ಓದಿಸುತ್ತಾರಲ್ಲ, ಅದು ತಾರೀಕು ಒಂದೇ, ದಿನ ಒಂದಲ್ಲ. 1616ರಲ್ಲಿ ಶೇಕ್ಸ್‌ಪಿಯರರ ಇಂಗ್ಲೆಂಡು ಸರ್ವಾಂಟಿಸರ ಸ್ಪೇನಿಗಿಂತ ಹತ್ತು ದಿನ ಹಿಂದಿತ್ತು. ಮೇಲಾಗಿ 23ರಂದು ಸರ್ವಾಂಟಿಸರ ದಫನ ಆದದ್ದು, ಸಾವು ಹಿಂದಿನ ದಿನವೇ. ಹಳೆ ಘಟನೆಗೆ ಆ ಊರಿನ ಅಂದಿನ ತಾರೀಕನ್ನೇ ಇಟ್ಟುಕೊಳ್ಳಿ. ಎರಡು ದೇಶಗಳನ್ನು ತಾಳೆ ನೋಡುವಾಗ ಮಾತ್ರ ಪರಿವರ್ತಿಸಿ.

ಊರಿನ ಸ್ಮರಣ ಸಂಚಿಕೆಗಳಿಂದ ತೆಗೆಯುವ ತಾರೀಕು ಒಂದು ದಿನ ಮುಂದೆ ಇರುವುದುಂಟು. ಪತ್ರಿಕೆಯ ತುಣುಕಿನಲ್ಲಿ ‘ನಿನ್ನೆ’ ಎಂದಿದ್ದರೂ ಪತ್ರಿಕೆಯ ತಾರೀಕನ್ನೇ ಘಟನೆಯದ್ದೆಂದು ಇಳಿಸಿಕೊಂಡಿರುತ್ತಾರೆ. ವಾರದ ಹೆಸರು ಕೊಟ್ಟಿದ್ದರೆ ಹಿಡಿಯಬಹುದು. 1900ರಿಂದ 1999ರ ತಾರೀಕುಗಳಿಗೆ ಲೆಕ್ಕ ಹೀಗೆ: ಇಸವಿಯ ಕೊನೆಯ ಎರಡಂಕಿ, ಅದರ ಕಾಲು ಭಾಗ (ಶೇಷ ಬಿಡಿ), ತಿಂಗಳ ಅಂಕಿ, ತಾರೀಕು, ಎಲ್ಲ ಕೂಡಿಸಿ 7ರಿಂದ ಭಾಗಿಸಿ. ಜನವರಿಯಿಂದ ತಿಂಗಳ ಅಂಕಿಗಳು 1, 4, 4, 0, 2, 5, 0, 3, 6, 1, 4, 6. ಶೇಷ 1 ಬಂದರೆ ಆದಿತ್ಯವಾರ, 2 ಸೋಮವಾರ, ಹೀಗೆ. 0 ಬಂದರೆ ಶನಿವಾರ. 1956ರ ನವೆಂಬರ್ 1ಕ್ಕೆ 56, 14, 4, 1 ಕೂಡಿಸಿದರೆ 75, ಶೇಷ 5, ಗುರುವಾರ. ಅಧಿಕ ವರ್ಷದ ಜನವರಿ, ಫೆಬ್ರವರಿಗೆ ಮೊತ್ತದಿಂದ ಒಂದು ಕಳೆಯುವುದನ್ನು ಮರೆತರೆ ಲೆಕ್ಕ ಹಾಳು. 2000ದ ನಂತರದ ತಾರೀಕಿಗೂ ಒಂದು ಕಳೆಯಬೇಕು.

ತರವಾಡಿನ (ಹಿರಿಯರ ಮನೆಯ) ಪೆಟ್ಟಿಗೆಯ ಹಳೆ ದಸ್ತಾವೇಜಿನಿಂದ ತಾರೀಕು ತೆಗೆಯುವುದಾದರೆ ಅಲ್ಲಿ ಕೇರಳದ ಪಂಚಾಂಗದ ಕೊಲ್ಲವರ್ಷ ಇರಬಹುದು. ಆ ವರ್ಷ ಶುರುವಾಗುವ ಆಗಸ್ಟ್ ನಡುವಿನಿಂದ ಡಿಸೆಂಬರ್ 31ರವರೆಗೆ 824, ಜನವರಿಯಿಂದ 825 ಸೇರಿಸಿದರೆ ಇಸವಿ. 1956ರ ನವೆಂಬರ್ 1 ಕೊಲ್ಲವರ್ಷ 1132ರ ತುಲಾಂ ತಿಂಗಳಲ್ಲಿ ಬೀಳುತ್ತದೆ. ಆದರೆ ತಿರುವಾಂಕೂರಿನಲ್ಲಿ ವರ್ಷ ಚಿಂಗಂ (ಸಿಂಹ) ತಿಂಗಳಿಗೆ ಶುರುವಾದರೆ ಉತ್ತರ ಮಲಬಾರಿನ ಹಳೆ ರೂಢಿಯಲ್ಲಿ ಅದರ ಮುಂದಿನ ಕನ್ನಿ (ಕನ್ಯಾ) ತಿಂಗಳಿಗೆ ಶುರು. ಆದ್ದರಿಂದ ನಮ್ಮ ಕಡೆಯ ಕಾಗದದಲ್ಲಿ ಚಿಂಗಂ ತಿಂಗಳು ಕಂಡರೆ 825 ಸೇರಿಸಿಯೂ ನೋಡಿ. ಶಕವರ್ಷಕ್ಕೆ 78, ಯುಗಾದಿಗೆ ಮೊದಲಿನ ಜನವರಿ, ಫೆಬ್ರವರಿ, ಮಾರ್ಚ್‌ಗೆ 79. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾಗುವುದರಿಂದ ರಾತ್ರಿ ಎರಡು ಗಂಟೆಯ ಜನನಕ್ಕೆ ಜಾತಕದಲ್ಲಿ ಹಿಂದಿನ ದಿನದ ವಾರದ ಹೆಸರು ಇರುತ್ತದೆ. ಕಾಲನಿರ್ಣಯದ ಲೇಖನಗಳಿಗೆ ಹೆಸರಾದ ಗೋವಿಂದ ಪೈಗಳು ನಮ್ಮ ಮಂಜೇಶ್ವರದವರೇ, ಅವರ ಜನ್ಮದಿನ ಮಾರ್ಚ್ 23ರ ಬೋರ್ಡಿಗೆ ಇದನ್ನೇ ವಿಷಯ ಮಾಡಿಕೊಳ್ಳಬಹುದು.

ನವೆಂಬರ್ 1ಕ್ಕೆ ಇಪ್ಪತ್ತು ಸಾಲು ಬೇಡ, ಎರಡು ನಿಮಿಷದಲ್ಲಿ ಮಗು ಓದಿ ಮುಗಿಸುವ ಐದು ಸಾಕು: ಲಿಸ್ಬನ್ 1755, ಎನಿವೆಟೋಕ್ 1952, ಪುದುಚೇರಿ 1954, ರಾಜ್ಯ ಪುನರ್ವಿಂಗಡಣೆ 1956, ಕರ್ನಾಟಕ ನಾಮಕರಣ 1973. ಮಲಯಾಳ ವಿಭಾಗವೂ ಒಟ್ಟಿಗೆ ನಿಲ್ಲುವ ಶಾಲೆಯಾದರೆ ಅವರಿಗೆ ಅದು ಕೇರಳ ಪಿರವಿ, ನಿಮಗೆ ರಾಜ್ಯೋತ್ಸವ. ನಾಲ್ಕನೇ ಸಾಲನ್ನು ಹೀಗೆ ಬರೆಯಿಸಿ: ‘1956: ರಾಜ್ಯ ಪುನರ್ವಿಂಗಡಣೆ ಕಾಯ್ದೆ ಜಾರಿಗೆ ಬಂತು, ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ, ಅಮಿನಿದಿವಿ ಕೇಂದ್ರಕ್ಕೆ, ಉಳಿದ ಭಾಗ ಮೈಸೂರಿಗೆ.’