ವಿಕಾಸ 'ವಾದ' ಅಂದ್ರೆ ಪ್ರತಿವಾದ ಇರ್ಲೇಬೇಕಾ?

ಸೆಕೆಂಡ್ ಪಿಯುಸಿಗೆ ಬಯಾಲಜಿ ಪಾಠ ಮಾಡ್ತೀನಿ, ಪ್ರತಿ ವರ್ಷ ಒಂದು ಪ್ರಶ್ನೆ ತಪ್ಪದೆ ಬರುತ್ತೆ. "ಸಾರ್, ಇದು ವಿಕಾಸವಾದ ತಾನೆ, ವಾದ ಅಂದ್ಮೇಲೆ ಪ್ರತಿವಾದಾನೂ ಇರ್ಬೇಕಲ್ವಾ, ಅದನ್ಯಾಕೆ ಹೇಳ್ಕೊಡಲ್ಲ?" ಮಕ್ಕಳದ್ದು ತಪ್ಪಿಲ್ಲ, ನಮ್ಮ ಪದಾನೇ ಹಾಗಿದೆ. ಗುರುತ್ವಾಕರ್ಷಣೆಗೆ ನಿಯಮ ಅಂತೀವಿ, ಜೀವಕೋಶದ್ದಕ್ಕೆ ಸಿದ್ಧಾಂತ ಅಂತೀವಿ, ಡಾರ್ವಿನ್ ಹೇಳಿದ್ದು ಮಾತ್ರ ವಾದ ಆಗ್ಬಿಟ್ಟಿದೆ. ವಿಜ್ಞಾನದಲ್ಲಿ ಥಿಯರಿ ಅಂದ್ರೆ ಯಾರದೋ ಊಹೆ ಅಲ್ಲ, ಪಳೆಯುಳಿಕೆ, ಡಿಎನ್ಎ, ಭ್ರೂಣ ಹೀಗೆ ಬೇರೆ ಬೇರೆ ಕಡೆಯಿಂದ ಸಿಕ್ಕ ಸಾಕ್ಷಿಗಳೆಲ್ಲ ಒಂದೇ ಕಡೆ ಬೆರಳು ತೋರಿಸಿದಾಗ ನಿಲ್ಲೋ ವಿವರಣೆ ಅದು.

ಇದೇ ಥಿಯರಿ ಅನ್ನೋ ಪದ ಹಿಡ್ಕೊಂಡು ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಅನ್ನೋ ಸಣ್ಣ ಊರಲ್ಲಿ ದೊಡ್ಡ ಕೇಸೇ ನಡೀತು. 2004ರ ಕೊನೇಲಿ ಅಲ್ಲಿನ ಸ್ಕೂಲ್ ಬೋರ್ಡ್ ಒಂದು ಹೇಳಿಕೆ ಬರೆದು, ಒಂಬತ್ತನೇ ಕ್ಲಾಸಲ್ಲಿ ವಿಕಾಸದ ಪಾಠಕ್ಕೆ ಮುಂಚೆ ಟೀಚರ್‌ಗಳು ಇದನ್ನ ಓದ್ಬೇಕು ಅಂತು. ಡಾರ್ವಿನ್ನದು ಬರೀ ಥಿಯರಿ, ಫ್ಯಾಕ್ಟ್ ಅಲ್ಲ, ಅದರಲ್ಲಿ ಸಂದುಗಳಿವೆ, ಇಂಟೆಲಿಜೆಂಟ್ ಡಿಸೈನ್, ಅಂದ್ರೆ ಜೀವಿಗಳನ್ನ ಯಾವುದೋ ಬುದ್ಧಿಶಕ್ತಿ ವಿನ್ಯಾಸ ಮಾಡಿದೆ ಅನ್ನೋ ಇನ್ನೊಂದು ವಿವರಣೆಯೂ ಇದೆ, ಬೇಕಾದವರು ಓದಿ ಅಂತ ಅದರ ಸಾರಾಂಶ. ಟೀಚರ್‌ಗಳು ಓದಲ್ಲ ಅಂದ್ರು! ವಿಜ್ಞಾನ ಅಲ್ಲದ್ದನ್ನ ವಿಜ್ಞಾನ ಅಂತ ಮಕ್ಕಳಿಗೆ ಹೇಳಿದ್ರೆ ನಮ್ಮ ವೃತ್ತಿಗೇ ದ್ರೋಹ ಅಂತ ಲಿಖಿತವಾಗಿ ಕೊಟ್ರು, ಕೊನೆಗೆ 2005ರ ಜನವರೀಲಿ ಆಡಳಿತದವರೇ ಕ್ಲಾಸಿಗೆ ಬಂದು ಓದ್ಬೇಕಾಯ್ತು. ಕೆಲಸದ ಮೇಲೇ ಬಂದೀತು ಅಂತ ಗೊತ್ತಿದ್ದೂ ಹಾಗೆ ನಿಂತ ಆ ಮೇಷ್ಟ್ರುಗಳ ಬಗ್ಗೆ ನನಗೆ ತುಂಬಾ ಗೌರವ.

11 ಜನ ಪೋಷಕರು ಕೇಸ್ ಹಾಕಿದ್ರು. ಅವರ ಪರ ಮೊದಲ ಸಾಕ್ಷಿ ಕೆನೆತ್ ಮಿಲ್ಲರ್, ಬ್ರೌನ್ ಯೂನಿವರ್ಸಿಟಿಯ ಜೀವಕೋಶ ವಿಜ್ಞಾನಿ, ದೇವರನ್ನ ನಂಬೋ ಕ್ಯಾಥೊಲಿಕ್ ಕೂಡ. ಅವರು ಕೋರ್ಟಲ್ಲಿ ಹೇಳಿದ ಒಂದು ವಿಷಯ ನಾನು ಪ್ರತಿ ವರ್ಷ ಬೋರ್ಡ್ ಮೇಲೆ ಬಿಡಿಸ್ತೀನಿ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗೆ 24 ಜೊತೆ ಕ್ರೋಮೋಸೋಮ್ (ಕೋಶದೊಳಗೆ ಡಿಎನ್ಎ ಸುತ್ತಿಟ್ಟ ಎಳೆ), ನಮಗೆ 23. ಎಲ್ಲರಿಗೂ ಒಬ್ಬನೇ ಪೂರ್ವಜ ಅನ್ನೋದು ನಿಜ ಆದ್ರೆ ಒಂದು ಜೊತೆ ಎಲ್ಲಿ ಹೋಯ್ತು? ಸುಮ್ನೆ ಕಳೆದುಹೋಗಿದ್ರೆ ಜೀವಾನೇ ಉಳೀತಿರಲಿಲ್ಲ, ಹಾಗಾಗಿ ಎರಡು ಸೇರಿ ಒಂದಾಗಿರ್ಬೇಕು, ಆ ಬೆಸುಗೆ ಗುರುತು ಸಿಗ್ಲೇಬೇಕು, ಸಿಗದಿದ್ರೆ ಸಿದ್ಧಾಂತಕ್ಕೇ ಪೆಟ್ಟು. ಹುಡುಕಿದ್ರೆ ನಮ್ಮ 2ನೇ ಕ್ರೋಮೋಸೋಮಲ್ಲಿ ಸಿಕ್ತು. ತುದಿಯಲ್ಲಿ ಮಾತ್ರ ಇರ್ಬೇಕಾದ ಟೆಲೋಮಿಯರ್ ಅನ್ನೋ ರಕ್ಷಾಕವಚ ಮಧ್ಯದಲ್ಲಿ ಕೂತಿದೆ, ಒಂದೇ ಇರ್ಬೇಕಾದ ಸೆಂಟ್ರೋಮಿಯರ್ (ಕೋಶ ಎರಡಾಗುವಾಗ ಕ್ರೋಮೋಸೋಮನ್ನ ಹಿಡಿದೆಳೆಯೋ ಜಾಗ) ಜೊತೆಗೆ ಕೆಲಸ ನಿಲ್ಸಿದ ಇನ್ನೊಂದರ ಅವಶೇಷಾನೂ ಇದೆ. ಇದನ್ನ ಬಿಡಿಸಿದ ದಿನ ಕ್ಲಾಸಲ್ಲಿ ಒಂದು ಸದ್ದಿರಲ್ಲ.

ಇಂಟೆಲಿಜೆಂಟ್ ಡಿಸೈನ್ ಪರ ಇಂಥ ಒಂದು ಪರೀಕ್ಷೇನೂ ಇರಲಿಲ್ಲ. ಸ್ಕೂಲ್ ಬೋರ್ಡ್ ಪರ ಸಾಕ್ಷಿ, ಬಯೋಕೆಮಿಸ್ಟ್ ಮೈಕೆಲ್ ಬೀಹಿ, ಥಿಯರಿಗೆ ತಾವು ಕೊಡೋ ವ್ಯಾಖ್ಯಾನದ ಪ್ರಕಾರ ಜ್ಯೋತಿಷ್ಯಾನೂ ಥಿಯರಿ ಆಗುತ್ತೆ ಅಂತ ಪಾಟೀಸವಾಲಲ್ಲಿ ಒಪ್ಕೊಂಡ್ರು. ಜಡ್ಜ್ ಜಾನ್ ಜೋನ್ಸ್, ಆಗಿನ ಅಧ್ಯಕ್ಷ ಬುಷ್ ನೇಮಿಸಿದವರು, 2005ರ ಡಿಸೆಂಬರ್ 20ಕ್ಕೆ 139 ಪುಟದ ತೀರ್ಪು ಕೊಟ್ಟು, ಇದು ವಿಜ್ಞಾನ ಅಲ್ಲ, ದೇವರೇ ಜೀವಿಗಳನ್ನ ಸೃಷ್ಟಿಸಿದ ಅನ್ನೋ ಸೃಷ್ಟಿವಾದದ್ದೇ ಇನ್ನೊಂದು ರೂಪ, ಸರ್ಕಾರಿ ಶಾಲೇಲಿ ಕಲಿಸೋದು ಸಂವಿಧಾನಕ್ಕೆ ವಿರುದ್ಧ ಅಂದ್ರು.

ನಮ್ಮಲ್ಲಿ ನಡೆದಿದ್ದು ಬೇರೆ ಥರ. ಕೇಂದ್ರದ ಪಠ್ಯಪುಸ್ತಕ ರೂಪಿಸೋ ಎನ್‌ಸಿಇಆರ್‌ಟಿ ಹತ್ತನೇ ಕ್ಲಾಸ್ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಅಂತಿದ್ದ ಪಾಠ 2023ರ ಹೊತ್ತಿಗೆ ಬರೀ ಅನುವಂಶೀಯತೆ ಆಯ್ತು, 1800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ವಿರೋಧಿಸಿ ಪತ್ರ ಬರೆದ್ರು. ಹನ್ನೆರಡನೇ ಕ್ಲಾಸಲ್ಲಿ ಪಾಠ ಇದೆ, ಸರಿ, ಆದ್ರೆ ಅದು ಬಯಾಲಜಿ ತಗೊಂಡವರಿಗೆ ಮಾತ್ರ. ಆ ಪುಸ್ತಕ ಓದಿ ಕಾಮರ್ಸ್‌ಗೋ ಐಟಿಐಗೋ ಹೋಗೋ ಮಗುಗೆ ಈ 2ನೇ ಕ್ರೋಮೋಸೋಮ್ ಕಥೆ ಯಾರು ಹೇಳ್ತಾರೆ?

ನಾನಂತೂ ಬೋರ್ಡ್ ಮೇಲೆ ವಿಕಾಸವಾದ ಅಂತ ಬರೆಯೋದು ಬಿಟ್ಟಿದೀನಿ, ಜೀವವಿಕಾಸ ಅಂತ ಬರೀತೀನಿ.